ಅಚ್ಚು ಅದುರಿದ ನಾಣ್ಯ

ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತಿದ್ದ ನಾಣ್ಯವೊಂದಕ್ಕೆ ಬಲು ಹೆಮ್ಮೆ. "ನಾನು ಅಪರೂಪದವನು, ದೂರ ಸರಿ," ಎಂದು ಅದು ಚಿಲ್ಲರೆ ಡಬ್ಬಿಯಲ್ಲಿ ಪಕ್ಕದಲ್ಲಿದ್ದ ಹಳೆಯ ಗೆಳೆಯನಾದ ಇನ್ನೊಂದು ನಾಣ್ಯವನ್ನು ಗದರಿತು. ಗೆಳೆಯ ಅತ್ತ ಸರಿದು, ಅಂದೇ ಚಿಲ್ಲರೆಯಾಗಿ ಗಿರಾಕಿಯೊಬ್ಬನ ಕೈಸೇರಿ ಹೊರಟುಹೋದ.

ಮರುದಿನ ಅಂಗಡಿಯ ಭೂತಗನ್ನಡಿ ನಾಣ್ಯವನ್ನು ಪರೀಕ್ಷಿಸಿತು. "ನಾಣ್ಯ ಒತ್ತುವ ಅಚ್ಚಿನಲ್ಲೇ ಅಕ್ಷರ ಎರಡು ಸಲ ಮೂಡಿದ್ದರೆ ಎರಡೂ ದುಂಡಗೆ ಉಬ್ಬಿರುತ್ತಿದ್ದವು. ಅಂಥದ್ದಕ್ಕೆ ಬೆಲೆಯುಂಟು. ನಿನ್ನ ಎರಡನೆಯ ಅಕ್ಷರ ಬರೀ ಚಪ್ಪಟೆ ಅಂಚು. ಒತ್ತುವಾಗ ಅಚ್ಚು ಅದುರಿ ನಿನ್ನನ್ನು ತರಚಿದೆ, ಅಷ್ಟೇ."

"ಬೆಲೆ ಹೋಗಲಿ. ನನ್ನ ಗೆಳೆಯ ಯಾವ ಕಡೆ ಹೋದ?"

"ಚಿಲ್ಲರೆ ಹೋದ ದಾರಿ ಯಾರಿಗೆ ಗೊತ್ತು?"

ನಾಣ್ಯ ಮತ್ತೆ ಡಬ್ಬಿಗೆ ಬಿತ್ತು. ಸವೆದ ನಾಣ್ಯವೊಂದು ಅಳುಕುತ್ತ, "ಪಕ್ಕದಲ್ಲಿ ಕೂರಲೇ?" ಎಂದಿತು.

"ಬಾ, ಹತ್ತಿರವೇ ಕೂರು," ಎಂದಿತು ನಾಣ್ಯ. ಆ ಮಾತನ್ನು ನಿನ್ನೆಯೇ ಆಡಬೇಕಿತ್ತು.