ಯುಗಾದಿ ನಿಂತುಹೋದ ಮನೆ

ಬೇವಿಗೆ ಕಹಿ ಕೊಟ್ಟು ಕಬ್ಬಿಗೆ ಸಿಹಿ ಕೊಟ್ಟ ನನ್ನಪ್ಪ ಶಿವನೇ, ನಿನ್ನ ಪಾದಕ್ಕೆ ಶರಣು. ಹೇಳುವ ನಾಲಿಗೆ ನಿನ್ನದು, ಕೇಳುವ ಕಿವಿಯೂ ನಿನ್ನದು. ತಪ್ಪಿದ್ದರೆ ಅದು ನನ್ನದು.

ಒಂದಾನೊಂದು ಊರಿನಲ್ಲಿ ಗುಂಡಯ್ಯ ಅಂತ ಒಬ್ಬ ಕುಂಬಾರನಿದ್ದನಂತೆ. ಅವನ ಹೆಂಡತಿ ಹೊನ್ನಾಜಿ. ಕೆರೆಯಿಂದ ಮಣ್ಣು ಹೊರಲು ನೀಲಿ ಅಂತ ಒಂದು ಹೆಣ್ಣುಕತ್ತೆ. ಆ ಊರಲ್ಲಿ ಯುಗಾದಿ ಬಂತೆಂದರೆ ಹಳೇ ಮಡಿಕೆ ಎಸೆದು, ಹೊಸ ಮಡಿಕೆಯಲ್ಲೇ ಹಬ್ಬದ ಬೇಳೆ ಬೇಯಿಸಬೇಕು. ಹಾಗಾಗಿ ಊರಿಗೆಲ್ಲ ಹಬ್ಬ ಹೋಗುತ್ತಿದ್ದದ್ದು ಕುಂಬಾರನ ಮನೆಯಿಂದಲೇ. ಆದರೆ ಅವನ ಮನೆಯಲ್ಲಿ ಮಾತ್ರ ಹಬ್ಬವಿಲ್ಲ.

ಯಾಕಿಲ್ಲ? ಗುಂಡಯ್ಯನ ಮುತ್ತಾತ ಯುಗಾದಿಯ ದಿನವೇ ಪ್ರಾಣ ಬಿಟ್ಟಿದ್ದನಂತೆ. ಹಬ್ಬದ ದಿನ ಸಾವಾದ ಮನೆಯಲ್ಲಿ ಆ ಹಬ್ಬ ನಿಂತುಹೋಗುತ್ತದೆ. ಮತ್ತೆ ಅದೇ ದಿನ ಆ ಮನೆಯಲ್ಲಿ ಕೂಸಾದರೂ ಹುಟ್ಟಬೇಕು, ಕರುವಾದರೂ ಹುಟ್ಟಬೇಕು. ಆಗಲೇ ಹಬ್ಬ ತಿರುಗಿ ಬರುವುದು. ಅದು ಹಿರಿಯರು ಹಾಕಿದ ಕಟ್ಟು. ಒಂದಲ್ಲ, ಎರಡಲ್ಲ, ಮೂರು ತಲೆಮಾರು ಕಳೆದರೂ ಆ ದಿನ ಆ ಮನೆಯಲ್ಲಿ ಯಾವ ಜೀವವೂ ಹುಟ್ಟಲಿಲ್ಲ. ಊರಿಗೆ ಹಬ್ಬ, ಆ ಮನೆಗೆ ತಿಥಿ.

ಮದುವೆಯಾಗಿ ಏಳನೇ ವರ್ಷಕ್ಕೆ ಹೊನ್ನಾಜಿ ಬಸಿರಾದಳಂತೆ. ಸೂಲಗಿತ್ತಿ ಲಕ್ಕವ್ವ ಹೊಟ್ಟೆ ಮುಟ್ಟಿ ನೋಡಿ, "ಚೈತ್ರ ಹುಟ್ಟೋ ಹೊತ್ತಿಗೆ ಇದೂ ಹುಟ್ಟುತ್ತೆ ಕಣೆ," ಅಂದಳು. ಹೊನ್ನಾಜಿ ಬೇವುಬೆಲ್ಲ ಕಲಸಲು ಅಂಗೈಯಗಲದ ಒಂದು ಕುಡಿಕೆ ಮಾಡಿ, ಸುಟ್ಟು, ಅಟ್ಟದ ಮೇಲಿಟ್ಟಳು.

ಯುಗಾದಿಯ ಬೆಳಗ್ಗೆಯೇ ನೋವು ಬಂತು. ಊರವರ ಎಣ್ಣೆಸ್ನಾನ ಮುಗಿಯುವುದರೊಳಗೆ ಕೂಸೂ ಬಂತು. ಹೆಣ್ಣು. ಅಳಲಿಲ್ಲ. ಲಕ್ಕವ್ವ ಬೆನ್ನು ತಟ್ಟಿದಳು, ಬಾಯಿಗೆ ಉಸಿರೂದಿದಳು. ಅಳಲೇ ಇಲ್ಲ.

ಗುಂಡಯ್ಯ ಊರ ಯಜಮಾನ ದೊಡ್ಡೀರಯ್ಯನ ಹತ್ತಿರ ಹೋಗಿ ನಿಂತ. "ಹುಟ್ಟಿದ ಲೆಕ್ಕವಾಗುತ್ತದಾ, ಅಯ್ಯಾ?"

ಯಜಮಾನ ಕೆಟ್ಟವನಲ್ಲ. ತಲೆ ತಗ್ಗಿಸಿ ಹೇಳಿದ. "ಉಸಿರಿಲ್ಲದ್ದನ್ನು ಹುಟ್ಟಿತು ಅಂತ ಹೇಗಪ್ಪಾ ಹೇಳಲಿ? ಸಾವಿನ ಮೇಲೆ ಸಾವು ಬಿತ್ತು."

ಹಿತ್ತಲಿನ ಬೇವಿನ ಬುಡದಲ್ಲಿ ಕೂಸನ್ನು ಮಣ್ಣುಮಾಡಿದರು. "ಶಿವನೇ, ಹಬ್ಬ ನನಗೆ ಬೇಡವಾಗಿತ್ತು. ಒಂದು ಅಳು ಕೊಟ್ಟಿದ್ದರೆ ಸಾಕಿತ್ತು," ಅಂದಳಂತೆ ಹೊನ್ನಾಜಿ. ಶಿವ ಮಾತಾಡಲಿಲ್ಲ. ಅವನು ಕೇಳಿಸಿಕೊಳ್ಳುವುದು ಹೆಚ್ಚು, ಆಡುವುದು ಕಡಿಮೆ.

ಅವಳೂ ಮಾತು ಬಿಟ್ಟಳು. ದೀಪ ಹಚ್ಚುವುದು ಬಿಟ್ಟಳು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ನೀಲಿ ಮಣ್ಣು ಹೊತ್ತಳು, ಗುಂಡಯ್ಯ ತಿಗರಿ ತಿರುಗಿಸಿದ, ಊರವರು ಬಂದು ಹಬ್ಬದ ಮಡಿಕೆ ಒಯ್ದರು. ಹೊನ್ನಾಜಿ ಗೋಡೆ ನೋಡುತ್ತ ಕೂತಿದ್ದಳು. ಕತ್ತೆಯ ಬಸಿರು ಹನ್ನೆರಡು ತಿಂಗಳಿನದು. ಅದರ ದಿನ ಎಣಿಸುವವರು ಯಾರು?

ಮತ್ತೆ ಯುಗಾದಿ ಬಂತು. ಬೆಳಗ್ಗೆ ಮಡಿಕೆ ಸುಡುವ ಆವಿಗೆಯ ಹಿಂದಿನಿಂದ ಎಳೆಯ ದನಿಯ ಒಂದು ಕೂಗು. ಹೊನ್ನಾಜಿ ಎದ್ದು ಓಡಿದಳು. ನೀಲಿ ಬೂದಿಯಲ್ಲಿ ಮಲಗಿದ್ದಾಳೆ, ಪಕ್ಕದಲ್ಲಿ ಒದ್ದೆ ಮರಿ. ಸೆರಗಿನಿಂದ ಅದರ ಮೂಗು ಒರೆಸಿ, ವರ್ಷದ ಮೇಲೆ ಮೊದಲ ಸಲ ಮಾತಾಡಿದಳಂತೆ. "ಇದು ಉಸಿರಾಡುತ್ತಿದೆ."

ಮರಿಯನ್ನು ಎದೆಗವಚಿಕೊಂಡು ಯಜಮಾನನ ಬಾಗಿಲಿಗೆ ನಡೆದಳು. ನೀಲಿ ಹಿಂದೆಯೇ ಬಂದಳು. ದಾರಿಯಲ್ಲಿ ಹೆಂಗಸರು ನಕ್ಕರು. "ಏನೇ ಹೊನ್ನಾಜಿ, ಕತ್ತೆ ಹಡೆದರೆ ಒಬ್ಬಟ್ಟಾ? ನಾಳೆ ಹಲ್ಲಿ ಮೊಟ್ಟೆಯಿಟ್ಟರೆ ದೀಪಾವಳಿ ಮಾಡ್ತೀಯಾ?"

ಯಜಮಾನ ಮೆಲ್ಲಗೆ ಹೇಳಿದ. "ಕಟ್ಟಿನಲ್ಲಿ ಕರು ಅಂತಿದೆ ತಾಯಿ. ಕತ್ತೆ ಮೈಲಿಗೆ."

"ಹಾಗಾದರೆ ನಿಮ್ಮ ಒಲೆ ಮೇಲಿನ ಮಡಿಕೆ ಇಳಿಸಿ, ಅಯ್ಯಾ," ಅಂದಳು ಹೊನ್ನಾಜಿ. ದನಿ ಏರಿಸಲಿಲ್ಲ. "ಅದರ ಮಣ್ಣು ಇವಳ ಬೆನ್ನ ಮೇಲೆ ಬಂದದ್ದು. ತುಂಬಿದ ಬಸಿರಿನಲ್ಲೇ ಹೊತ್ತು ತಂದಳು. ಇವಳು ಮೈಲಿಗೆಯಾದರೆ ಊರಿನ ಒಲೆಯೆಲ್ಲ ಮೈಲಿಗೆ. ಇವತ್ತು ಎಲ್ಲರೂ ತಿಥಿ ಮಾಡೋಣ."

ಯಜಮಾನ ಒಳಗೆ ನೋಡಿದ. ಹೊಸ ಮಡಿಕೆಯಲ್ಲಿ ಬೇಳೆ ಕುದಿಯುತ್ತಿತ್ತು. ಆಮೇಲೆ ತನ್ನ ಬಾಗಿಲಿಗೆ ತಂದಿದ್ದ ಮಾವಿನ ತೋರಣವನ್ನೇ ಒಯ್ದು ಕುಂಬಾರನ ಬಾಗಿಲಿಗೆ ತನ್ನ ಕೈಯಿಂದ ಕಟ್ಟಿದನಂತೆ.

ಹೊನ್ನಾಜಿ ಅಟ್ಟದಿಂದ ಕುಡಿಕೆ ಇಳಿಸಿದಳು. ಬೇವುಬೆಲ್ಲ ಕಲಸಿ ಬಾಯಿಗಿಟ್ಟಳು.

"ಬೆಲ್ಲ ಸಿಕ್ಕಿತೇನೆ?" ಅಂದ ಗುಂಡಯ್ಯ.

"ಇಲ್ಲ. ಬರೀ ಬೇವು."

"ಇನ್ನೊಂದು ಚೂರು ತಿನ್ನು."

"ತಿಂತೀನಿ. ಮುಂದಿನ ವರ್ಷವೂ ತಿಂತೀನಿ."

ಅಂದಿನಿಂದ ಆ ಮನೆಯಲ್ಲಿ ಯುಗಾದಿ ತಪ್ಪಲಿಲ್ಲವಂತೆ. ಹೊನ್ನಾಜಿ ಕಲಸಿದ್ದರ ಮೊದಲ ಚೂರು ಬೇವಿನ ಬುಡಕ್ಕೆ, ಎರಡನೆಯದು ನೀಲಿಗೆ, ಆಮೇಲೆ ತನಗೆ. ಊರಿಗೂ ಹಬ್ಬ, ಆ ಮನೆಗೂ ಹಬ್ಬ. ಆ ಮನೆಗೆ ತಿಥಿಯೂ ಉಂಟು.

ಕಥೆ ಅವರ ಮನೆಯಲ್ಲಿ ಉಳಿಯಲಿ, ಹರಕೆ ನಿಮ್ಮ ಮನೆಗೆ ಬರಲಿ. ಕೇಳಿದ ನಿಮ್ಮೆಲ್ಲರ ತೊಟ್ಟಿಲಿನಲ್ಲಿ ಅಳುವ ದನಿಯಿರಲಿ. ಬೇವು ಬಂದ ದಿನ ನುಂಗುವ ಶಕ್ತಿಯನ್ನು ನನ್ನಪ್ಪ ಶಿವ ನಿಮಗೆ ಕೊಡಲಿ.