ಹೊನ್ನಕ್ಕನ ನಕ್ಷತ್ರವಾಸಿಗಳು ಮತ್ತು ಪಂಡಿತನ ಚಿತ್ರಕೋಶ

"ಕೇಳಿರಪ್ಪಾ ಕೇಳಿ. ಮಣಿಹಳ್ಳದ ದೊರೆ ಬಿಜ್ಜರಸರ ಅಪ್ಪಣೆ. ತೀರಿಕೊಂಡ ಹೊನ್ನಕ್ಕ ಬರೆದ ಒಂಬತ್ತು ಸಂಪುಟಗಳ ನಕ್ಷತ್ರಯಾನದ ಕತೆಯಿಂದ ರಾಜಕುಮಾರಿ ಪದುಮಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ."

ಡಂಗುರ ಕೇಳಿದ್ದೇ ತಡ, ಊರಿನ ಹುಡುಗರೆಲ್ಲ ಅಚ್ಚುಕೂಟಕ್ಕೆ ಓಡಿದರು. ಅವರಿಗೆ ಬೇಕಾಗಿದ್ದದ್ದು ಹೊನ್ನಕ್ಕನ ಕತೆಯಲ್ಲ. ಒಂಬತ್ತು ಸಂಪುಟ ಓದುವ ತಾಳ್ಮೆ ಯಾರಿಗಿದೆ? ಆಸ್ಥಾನ ಪಂಡಿತ ಗುಣಾರ್ಣವ ಆ ಕತೆಗೆಂದು ಒಂದು ಚಿತ್ರಕೋಶ ಮಾಡಿದ್ದ. ಪುಟಕ್ಕೊಂದು ಪರಲೋಕದ ಜೀವಿ. ಕೆಳಗೆ ಅದರ ಬಣ್ಣ, ಕೈಕಾಲು, ಊಟ, ಆಯುಧ. ಎಲ್ಲರೂ ಅದನ್ನೇ ಉರುಹೊಡೆದರು.

ಅದನ್ನು ಕಂಡು ಕೇತಯ್ಯನಿಗೆ ಮೈ ಉರಿಯಿತು. ಅವನು ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವವನು. ಹೊನ್ನಕ್ಕನ ಹಾಳೆಗಳನ್ನು ಮಡಚುತ್ತಲೇ ಓದಿ, ಓದುತ್ತಲೇ ಹೊಲಿದಿದ್ದ. ಚಿತ್ರಕೋಶ ಕೈಗೆ ಬಂದ ದಿನವೇ ಪಂಡಿತನ ಮನೆಗೆ ಹೋಗಿ, "ಬುದ್ಧೀ, ಇದರಲ್ಲಿ ತಪ್ಪಿದೆ. ಹೊನ್ನಕ್ಕ ಹೀಗೆ ಬರೆದಿಲ್ಲ" ಅಂದಿದ್ದ. "ನೀನು ಹೊಲಿಯೋನು ಕಣಯ್ಯ, ಓದೋನಲ್ಲ" ಎಂದು ಪಂಡಿತ ಬಾಗಿಲು ಹಾಕಿಕೊಂಡಿದ್ದ. ಈಗ ಆ ತಪ್ಪಿಗೆ ಜನರ ತಲೆ ಹೋಗುವುದರಲ್ಲಿತ್ತು. ಗೋಂದು ಮೆತ್ತಿದ ಕೈ ತೊಳೆದುಕೊಂಡು ಕೇತಯ್ಯ ಅರಮನೆಗೆ ಹೊರಟ.

ಸಭೆಯಲ್ಲಿ ಅವನಿಗಿಂತ ಮುಂದೆ ಮೂವರು ನಿಂತಿದ್ದರು. ಮೊದಲನೆಯವನು ದಳವಾಯಿಯ ಮಗ. ರಾಜಕುಮಾರಿ ಕೇಳಿದಳು: "ಎರಡನೆಯ ನಕ್ಷತ್ರದವರಿಗೆ ಮೈತುಂಬ ಮುಳ್ಳು. ಬದುಕಿರುವಷ್ಟು ದಿನ ಒಬ್ಬರನ್ನೊಬ್ಬರು ಮುಟ್ಟಲಾರರು. ಆದರೂ ಅವರಲ್ಲಿ ಯಾರೂ ಒಂಟಿಯಾಗಿ ಸಾಯುವುದಿಲ್ಲ. ಹೇಗೆ?"

"ಆ ಮುಳ್ಳು ಅವರ ಆಯುಧ. ಶತ್ರುವನ್ನು ತಬ್ಬಿ ಜೊತೆಯಲ್ಲೇ ಸಾಯುತ್ತಾರೆ" ಅಂದ ಅವನು, ಚಿತ್ರಕೋಶದಲ್ಲಿ ಇದ್ದ ಹಾಗೆಯೇ. ರಾಜಕುಮಾರಿ ತಲೆ ಅಲ್ಲಾಡಿಸಿದಳು. ಕಾವಲುಗಾರರು ಅವನ ಕೈ ಕಟ್ಟಿದರು.

ಎರಡನೆಯವನು ರೇಷ್ಮೆ ವ್ಯಾಪಾರಿಯ ಮಗ. ಅವನಿಗೆ ಅವಳು ಬೇರೆ ಒಗಟು ಕೇಳಿದಳು: "ಐದನೆಯ ನಕ್ಷತ್ರದವರಿಗೆ ಆರು ಕೈ. ಐದರಲ್ಲಿ ದುಡಿಯುತ್ತಾರೆ. ಆರನೆಯ ಕೈಯ ಮುಷ್ಟಿ ಬಿಚ್ಚಿ ಯಾರಿಗೂ ತೋರಿಸುವುದಿಲ್ಲ. ಅದರೊಳಗೆ ಏನಿದೆ?"

"ವಿಷ" ಅಂದ ಹುಡುಗ. ಅವನನ್ನೂ ಕಟ್ಟಿದರು.

ಮೂರನೆಯವನು ಪಾಳೆಯಗಾರರ ಮನೆಯವನು. ಅವನಿಗೆ ಮತ್ತೊಂದು ಒಗಟು: "ಒಂಬತ್ತನೆಯ ನಕ್ಷತ್ರದಲ್ಲಿ ಕತ್ತಲೆ. ಅಲ್ಲಿ ಇರುವವನು ಒಬ್ಬನೇ. ದಾರಿ ತಪ್ಪಿದ ಪಯಣಿಗರಿಗೆ ನೀರು ಕೊಟ್ಟ, ಮುರಿದ ಹಡಗನ್ನು ಸರಿಮಾಡಿದ. ಅವನ ಮುಖ ಹೇಗಿದೆ?"

"ಮೂರು ಕಣ್ಣು, ಕೋರೆಹಲ್ಲು, ಹಸಿರು ನಾಲಗೆ" ಎಂದು ಅವನು ಒಂದೇ ಉಸಿರಿಗೆ ಒಪ್ಪಿಸಿದ. ಅವನ ಗತಿಯೂ ಅದೇ ಆಯಿತು.

ಕೇತಯ್ಯ ಮುಂದೆ ಬಂದ. ಅಂಚು ಹರಿದ ಅವನ ಪಂಚೆ ನೋಡಿ ಯಾರೋ ನಕ್ಕರು. ರಾಜಕುಮಾರಿ ಅವೇ ಮೂರು ಒಗಟನ್ನು ಅವನ ಮುಂದಿಟ್ಟಳು. ಕಟ್ಟಿಹಾಕಿದ ಮೂವರನ್ನು ಒಮ್ಮೆ ನೋಡಿ ಅವನು ಶುರುಮಾಡಿದ.

"ಮುಳ್ಳುಮೈಯವರ ಮುಳ್ಳು ಸಾವು ಹತ್ತಿರವಾದಾಗ ತಾನಾಗಿ ಉದುರಿಹೋಗುತ್ತದೆ, ಅಮ್ಮಣ್ಣಿ. ಒಬ್ಬರ ಮುಳ್ಳು ಉದುರಿತು ಅಂದರೆ ಉಳಿದವರು ದೂರದೂರದಿಂದ ಬರುತ್ತಾರೆ. ಮೈಗೆ ಮುಳ್ಳು ತಾಗದ ಹಾಗೆ ಅಂಗೈ ಮಾತ್ರ ಚಾಚಿ ಸರದಿಯಲ್ಲಿ ಸಾಯುವವರ ಕೈ ಹಿಡಿದುಕೊಂಡು ಕೂರುತ್ತಾರೆ. ಅದಕ್ಕೆಂದೇ ಅಂಗೈಯ ಮುಳ್ಳನ್ನು ಕಿತ್ತುಕೊಂಡು ಬಂದಿರುತ್ತಾರೆ. ಇದನ್ನು ಓದುವಾಗ ನನಗೆ ಹೊಲಿಗೆ ತಪ್ಪಿತ್ತು."

ಕೇತಯ್ಯ ವ್ಯಾಪಾರಿಯ ಮಗನ ಕಡೆ ತಿರುಗಿದ.

"ಆರು ಕೈಯವರ ಮುಷ್ಟಿಯಲ್ಲಿ ಇರುವುದು ಮೊಟ್ಟೆ. ತಮ್ಮದಲ್ಲ, ಎದುರು ಬಣದವರದು. ಹಿಂದೆ ಅವರು ಬಹಳ ಬಡಿದಾಡಿದ್ದರು. ಆಮೇಲೆ ನಿಮ್ಮ ಮೊಟ್ಟೆ ನಾವು ಕಾಯುತ್ತೇವೆ, ನಮ್ಮದನ್ನು ನೀವು ಕಾಯಿರಿ ಅಂತ ಒಪ್ಪಂದವಾಯಿತು. ಮೊಟ್ಟೆ ಒಡೆದು ಮರಿ ಹೋದರೆ ಮತ್ತೊಂದನ್ನು ಹಿಡಿಯುತ್ತಾರೆ. ಅಂದಿನಿಂದ ಯಾರೂ ಯಾರ ಮೇಲೂ ಕೈಯೆತ್ತಿಲ್ಲ. ಅದನ್ನು ಪಂಡಿತರ ಚಿತ್ರಕೋಶ ವಿಷ ಅನ್ನುತ್ತದೆ."

"ಮೂರನೆಯದು?" ರಾಜಕುಮಾರಿಯ ದನಿ ತಗ್ಗಿತ್ತು.

"ಅವನ ಮುಖ ಯಾರಿಗೂ ಗೊತ್ತಿಲ್ಲ. ದೀಪ ಆ ಕಡೆ ತಿರುಗಿಸಿ ಅಂತ ಅವನು ಕೇಳಿಕೊಂಡ, ಪಯಣಿಗರು ತಿರುಗಿಸಿದರು. ಹೊನ್ನಕ್ಕನೂ ಬರೆಯಲಿಲ್ಲ. ಆ ಮುಖ ಬರೆದವರು ಸುಳ್ಳು ಬರೆದಿದ್ದಾರೆ."

ಗುಣಾರ್ಣವ ಎದ್ದುನಿಂತ. "ಪ್ರಭು, ಗೊತ್ತಿಲ್ಲ ಅನ್ನುವುದೂ ಒಂದು ಉತ್ತರವೇ?"

"ಪಂಡಿತರ ಒಂಬತ್ತನೆಯ ಸಂಪುಟ ತರಿಸಿ, ಪ್ರಭು" ಅಂದ ಕೇತಯ್ಯ. ತಂದರು. ಅವನು ಪುಸ್ತಕದ ಅಂಚನ್ನು ದೊರೆಗೆ ತೋರಿಸಿದ. "ಹಾಳೆಯ ಮಡಿಕೆ ಕತ್ತರಿಸದೆ ಪುಟ ತೆರೆದು ಓದಲಾಗದು. ಇಲ್ಲಿ ಕತ್ತರಿಸಿಯೇ ಇಲ್ಲ, ನೋಡಿ. ನಾನು ಹೊಲಿದು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ತೆರೆಯದ ಪುಸ್ತಕದಿಂದ ಕೋರೆಹಲ್ಲು ಹೇಗೆ ಸಿಕ್ಕಿತು?"

ಪಂಡಿತ ಕುಳಿತುಬಿಟ್ಟ. "ಮೂರೂ ಸರಿ" ಅಂದಳು ರಾಜಕುಮಾರಿ. ದೊರೆ ಹಾರ ತರಿಸಿದ. ಕೇತಯ್ಯ ಕೊರಳು ಬಾಗಿಸಲಿಲ್ಲ.

"ಅಮ್ಮಣ್ಣಿ, ಚಿತ್ರಕೋಶ ಸುಳ್ಳು ಅಂತ ನಿಮಗೆ ಮೊದಲೇ ಗೊತ್ತಿತ್ತು. ಇವರು ಅದನ್ನೇ ಓದಿ ಬಂದಿದ್ದಾರೆ ಅಂತಲೂ ಗೊತ್ತಿತ್ತು. ಆದರೂ ಇವರ ಕೈ ಕಟ್ಟುವಾಗ ಸುಮ್ಮನೆ ಕೂತಿರಿ. ಹೊನ್ನಕ್ಕನ ಕತೆಯಲ್ಲಿ ಯಾರಾದರೂ ಉತ್ತರ ಗೊತ್ತಿಲ್ಲದವರನ್ನು ಕೊಂದಿದ್ದಾರೆಯೇ?"

ಕಾವಲುಗಾರ ಕತ್ತಿಗೆ ಕೈ ಹಾಕಿದ. ದೊರೆ ತಡೆದ. ಪದುಮಲೆಯ ಮುಖ ಕೆಂಪಾಯಿತು. "ಇಲ್ಲ" ಅಂದಳು. "ಕತೆಯನ್ನು ನಿಜವಾಗಿ ಓದಿದವನು ಒಬ್ಬನಾದರೂ ಸಿಗಲಿ ಅಂತಿದ್ದೆ. ತಲೆದಂಡ ಅಪ್ಪಾಜಿಯ ಮಾತು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ."

ಅವಳೇ ಸಿಂಹಾಸನದ ಮೆಟ್ಟಿಲಿಳಿದು ಮೂವರ ಹಗ್ಗ ಬಿಚ್ಚಿದಳು. ಬಿಜ್ಜರಸ ತಡೆಯಲು ಬಾಯಿ ತೆರೆದವನು ಮಗಳ ಮುಖ ನೋಡಿ ತಲೆದಂಡದ ಅಪ್ಪಣೆ ಹಿಂತೆಗೆದುಕೊಂಡ.

ಸುಳ್ಳು ಚಿತ್ರಕೋಶವನ್ನು ಊರಿನಿಂದ ಹಿಂದಕ್ಕೆ ಪಡೆದರು. ಹೊಸದನ್ನು ಬರೆಯುವ ಕೆಲಸ ಕೇತಯ್ಯನದಾಯಿತು. ಅರ್ಧ ರಾಜ್ಯ ಬೇಡವೆಂದು ಅವನು ಅಚ್ಚುಕೂಟವನ್ನಷ್ಟೇ ಕೇಳಿ ಪಡೆದ. ಮದುವೆಯ ಮಾತು ಬಂದಾಗ, "ಅದನ್ನು ಕೊಡುವವರು ನೀವಲ್ಲ ಪ್ರಭು, ಅವರನ್ನು ಕೇಳಿ" ಅಂದ. ಪದುಮಲೆ ಒಂದು ವರ್ಷ ಅವನ ಜೊತೆ ಕೂತು ಚಿತ್ರಗಳಿಗೆ ಬಣ್ಣ ತುಂಬಿದಳು, ಮಾತುಮಾತಿಗೆ ಜಗಳವಾಡಿದಳು, ಆಮೇಲೆ ಹೂಂ ಅಂದಳು.

ಅದೆಲ್ಲ ಆಮೇಲಿನ ಮಾತು. ಸಭೆಯ ದಿನ ಸಂಜೆ ಕೇತಯ್ಯ ಅರಮನೆ ಬಿಟ್ಟು ಹೊರಟಾಗ, ರೇಷ್ಮೆ ವ್ಯಾಪಾರಿಯ ಮಗ ಹೆಬ್ಬಾಗಿಲ ಹತ್ತಿರ ಕಾಯುತ್ತಿದ್ದ. ಕೈಯಲ್ಲಿ ಹಗ್ಗದ ಬರೆ ಇನ್ನೂ ಇತ್ತು. "ಅಣ್ಣಾ, ಆ ಮೊಟ್ಟೆ ಒಡೆದ ಮೇಲೆ ಮರಿ ಯಾರ ಹತ್ತಿರ ಹೋಗುತ್ತದೆ? ಹೆತ್ತವರ ಹತ್ತಿರವೋ, ಕಾದವರ ಹತ್ತಿರವೋ?" ಎಂದು ಕೇಳಿದ.

ಕೇತಯ್ಯನ ಸಿಟ್ಟು ಆಗ ಇಳಿಯಿತು. ಕಟ್ಟೆಯ ಮೇಲೆ ಅವನಿಗೂ ಜಾಗ ಬಿಟ್ಟು ಕೂತು, ಕತೆಯನ್ನು ಮೊದಲಿನಿಂದ ಹೇಳತೊಡಗಿದ.