ಸೀಸೆಯಲ್ಲಿ ಬೆಳೆದ ಬೂಷ್ಟು

"ಗುರುಗಳೇ, ಪ್ರೀತಿಯಿಂದ ಮಾಡಿದ ಕೆಲಸ ವ್ಯರ್ಥವಾಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಗಿಡಗಳ ರೋಗವನ್ನು ಬಲ್ಲ ಒಬ್ಬ ಪಂಡಿತನಿದ್ದ. ಅವನ ಮನೆಯ ಸುತ್ತ ಎತ್ತ ನೋಡಿದರೂ ಪಾರ್ಥೇನಿಯಂ ಕಳೆ. ಅದರ ಬಿಳಿ ಹೂ ಅರಳಿತೆಂದರೆ ಅವನ ಹೆಂಡತಿಗೆ ಉಬ್ಬಸ ಕೆರಳುತ್ತಿತ್ತು. ಮಲಗಿದರೆ ಉಸಿರು ಸಿಗದೆ ಅವಳು ಎದ್ದು ಕೂರುತ್ತಿದ್ದಳು. ಊರು ಬಿಡುವುದೇ ಮೇಲು ಎಂದರು ವೈದ್ಯರು.

"ಕಡಲ ಕಡೆ ನಮ್ಮ ಅಕ್ಕನ ಮನೆಯಿದೆ. ಅವರ ಊರಲ್ಲಿ ಈ ಗಿಡವಿಲ್ಲ. ಹೋಗೋಣ ಬನ್ನಿ" ಎಂದಳು ಹೆಂಡತಿ.

"ಇದೊಂದು ಮಳೆಗಾಲ ತಡೆದುಕೋ. ಗಿಡವನ್ನೇ ಇಲ್ಲವಾಗಿಸುತ್ತೇನೆ."

ಅವನು ಸುಮ್ಮನೆ ಹೇಳಿದ ಮಾತಲ್ಲ ಅದು. ಬೇಲಿಯ ಬುಡದಲ್ಲಿ ಕಪ್ಪಾಗಿ ಬಾಡಿದ್ದ ಒಂದು ಪಾರ್ಥೇನಿಯಂ ಗಿಡ ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಕೊಂದದ್ದು ಎಲೆಗೆ ಹತ್ತಿದ ಬೂಷ್ಟು. ಪಕ್ಕದ ಪೈರಿಗೆ ಅದು ತಾಗಿರಲಿಲ್ಲ. ಅವನು ಆ ಬೂಷ್ಟನ್ನು ತಂದು, ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ ಬೆರೆಸಿ, ಗಾಜಿನ ಸೀಸೆಯಲ್ಲಿ ಬೆಳೆಸಿದ. ಒಂದು ಸೀಸೆಯಿಂದ ಹತ್ತು, ಹತ್ತರಿಂದ ನೂರು. ಗೋಡೆಯಾಚೆ ಹೆಂಡತಿ ಕೆಮ್ಮಿದಾಗ ಅವನ ಕೈ ಇನ್ನೂ ಚುರುಕಾಗುತ್ತಿತ್ತು.

ಮಳೆ ಬಿದ್ದ ಮೇಲೆ ಆ ನೀರನ್ನು ಕಳೆಗೆ ಸಿಂಪಡಿಸಿದ. ಒಂದು ಎಲೆಯೂ ಬಾಡಲಿಲ್ಲ. ಸೀಸೆಯಿಂದ ಸೀಸೆಗೆ ಸಕ್ಕರೆನೀರು ಕುಡಿದೇ ಕೊಬ್ಬಿದ ಬೂಷ್ಟಿಗೆ ಗಿಡವನ್ನು ಕೊರೆಯುವ ಕಸುವು ಹೋಗಿತ್ತು. ಅದನ್ನು ಜೀವಂತ ಕಳೆಗಿಡಗಳಿಗೆ ಹಚ್ಚಿ, ಎಲೆಗೆ ಹತ್ತಿಕೊಂಡ ಬೂಷ್ಟನ್ನಷ್ಟೇ ಬಿಡಿಸಿ ತಂದು, ಅವನು ಮೊದಲಿನಿಂದ ಶುರುಮಾಡಿದ.

ಮರುವರ್ಷ ಹೆಂಡತಿ ಅಕ್ಕನ ಊರಿಗೆ ಹೋಗೋಣವೆಂದು ಮತ್ತೆ ಕೇಳಿದಳು. ಅವನು ಅದೇ ಉತ್ತರ ಕೊಟ್ಟ. ಮೂರನೆಯ ವರ್ಷ ಅವಳು ಕೇಳಲಿಲ್ಲ. ಕೇಳಲಿಲ್ಲವೆಂಬುದು ಅವನ ಗಮನಕ್ಕೂ ಬರಲಿಲ್ಲ. ಆ ಸಲ ಹೂ ಅರಳಿದಾಗ, ಒಂದು ಮಧ್ಯಾಹ್ನ ಅವನು ಸೀಸೆಗಳ ನಡುವೆ ಇದ್ದ ಹೊತ್ತಿನಲ್ಲಿ, ಅವಳ ಉಸಿರು ನಿಂತಿತು.

ಅವಳ ಉತ್ತರಕ್ರಿಯೆ ಮುಗಿದ ಮೇಲೂ ಅವನು ಕೆಲಸ ಬಿಡಲಿಲ್ಲ. ಬಿಟ್ಟು ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ನಾಲ್ಕನೆಯ ಮಳೆಗಾಲ, ಸಿಂಪಡಿಸಿದ ಹತ್ತು ದಿನದಲ್ಲಿ ಕಳೆಯೆಲ್ಲ ಕಪ್ಪಾಗಿ ನೆಲಕ್ಕೊರಗಿತು. ಊರಿನವರು ಬಂದು ತಮ್ಮ ಹೊಲಗಳಿಗೂ ಕೇಳಿ ಒಯ್ದರು. ಉಬ್ಬಸ ತಗ್ಗಿದ ಮುದುಕರು ತಂತಮ್ಮ ಜಗುಲಿಗೆ ಬಂದು ಕೂತರು. ಅವನು ಹೆಂಡತಿಯ ಕೋಣೆಯ ಕಿಟಕಿ ತೆರೆದ. ಒಳ್ಳೆಯ ಗಾಳಿ ಬಂತು. ಬರಿಯ ಮಂಚದ ಮೇಲೆ ಕೂತು ಅವನು ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನ ಕೆಲಸ ವ್ಯರ್ಥವಾಯಿತೇ?" ಎಂದ ಶಿಷ್ಯ.

"ಇಲ್ಲಪ್ಪ, ಊರಿಗೆಲ್ಲ ಒದಗಿತು, ಅವಳು ಕೇಳಿದ್ದು ಅದನ್ನಲ್ಲ, ಅಷ್ಟೇ."